ನಾಲ್ಕನೆಯ ವರ್ಷದ ದಾಳಿಂಬೆ

ಈ ಫೆಬ್ರವರಿಯಲ್ಲಿ ಅವರು ತೀರಿಕೊಂಡರೆಂದು ಅವರ ಮಗ ಫೋನ್ ಮಾಡಿದಾಗ ನಾನು ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸ್‌ನ ಲ್ಯಾಬಿನಲ್ಲಿ ಕೈಗವಸು ಹಾಕಿಕೊಂಡು ನಿಂತಿದ್ದೆ. ಅಳು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅಳುವಿಗಿಂತ ಮೊದಲು ನೆನಪಿಗೆ ಬಂದದ್ದು ತಿಪ್ಪೆಯಲ್ಲಿ ಬೇಯಿಸಿದ ಮೊಟ್ಟೆ. ಸಾವಿನ ಸುದ್ದಿ ಕೇಳಿ ನಗುತ್ತಿದ್ದಾಳೆ ಅಂದುಕೊಂಡಾರೆಂದು ಕಿಟಕಿಯ ಕಡೆ ತಿರುಗಿ ನಿಂತೆ.

ಅವರ ಹೆಸರು ಬರೆಯುವುದಿಲ್ಲ. ಮೂವತ್ತು ವರ್ಷ ಸಿನಿಮಾದಲ್ಲಿ ಕೆಲಸ ಮಾಡಿಯೂ ತೆರೆಯ ಮೇಲೆ ಒಂದು ಸಲವೂ ಹೆಸರು ಬರಲಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮನುಷ್ಯ. ಆ ದಾಖಲೆಯನ್ನು ನಾನೇಕೆ ಕೆಡಿಸಲಿ? ಹುಡುಗರು ಅವರನ್ನು ಬಾಸ್ ಎನ್ನುತ್ತಿದ್ದರು. ನಮ್ಮ ಅಮ್ಮ ‘ಮೇಷ್ಟ್ರು’ ಎನ್ನುತ್ತಿದ್ದಳು. ನನಗೂ ಅದೇ ರೂಢಿಯಾಯಿತು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ, ಆದರೆ ಅಮ್ಮನಿಗೆ ಹೇಳಿ ಹೇಳಿ ನನ್ನ ನೆನಪಿನಲ್ಲಿ ಅದೆಲ್ಲ ಕನ್ನಡವಾಗಿಯೇ ಕುಳಿತಿದೆ.

ಕೋವಿಡ್ ಕಾಲದಲ್ಲಿ ನನ್ನ ಮಗಳು ನಿಧಿಯ ಕಾಲೇಜು ಪೂರ್ತಿ ಲ್ಯಾಪ್‌ಟಾಪಿನೊಳಗೆ ಸೇರಿಕೊಂಡಿತ್ತು. ಒಂದು ದಿನ ಊಟದ ಮಧ್ಯೆ, “ಅಮ್ಮಾ, ಐ ಆಮ್ ಟೇಕಿಂಗ್ ಎ ಗ್ಯಾಪ್ ಇಯರ್” ಎಂದಳು. ಗ್ಯಾಪಿನಲ್ಲಿ ಏನು ಮಾಡ್ತೀಯೇ ಎಂದರೆ ಫಾರ್ಮಿಗೆ ಸೇರುತ್ತಾಳಂತೆ. ಸ್ಯಾನ್ ಡಿಯಾಗೋದಿಂದ ಉತ್ತರಕ್ಕೆ, ಸಮುದ್ರ ಬಿಟ್ಟು ಸ್ವಲ್ಪ ಒಳಗೆ, ಯಹೂದಿ ಸಮುದಾಯದವರು ನಡೆಸುವ ಹೊಲ ಅದು. ಪ್ರತಿ ವಸಂತದಲ್ಲಿ ಹನ್ನೆರಡು ಮಂದಿ ಹುಡುಗ ಹುಡುಗಿಯರನ್ನು ಸೇರಿಸಿಕೊಳ್ಳುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಅವರ ಹೊಸ ವರ್ಷ ಬರುವವರೆಗೂ, ಉಳದೆ, ಔಷಧಿ ಹೊಡೆಯದೆ, ಸತ್ತ ಮಣ್ಣಿಗೆ ಮತ್ತೆ ಜೀವ ತುಂಬುವುದು ಹೇಗೆಂದು ಕಲಿಸುತ್ತಾರೆ. ಯಹೂದಿಗಳೇ ಆಗಿರಬೇಕೆಂಬ ನಿಯಮವಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದ ನನಗೆ ಹೇಳದೆ ನನ್ನ ಮಗಳು ಮಣ್ಣು ಕಲಿಯಲು ಬೇರೆಯವರ ಹತ್ತಿರ ಹೋಗುತ್ತಾಳೆಂದರೆ ನನಗೆ ಉರಿಯದೆ ಇರುತ್ತದೆಯೇ? ಅವಳನ್ನು ಬಿಟ್ಟುಬರುವ ನೆಪ ಮಾಡಿಕೊಂಡು, ಯಾರು ಏನು ಎಂದು ವಿಚಾರಿಸಲು ನಾನೇ ಕಾರು ಹತ್ತಿದೆ.

ಗೇಟಿನ ಒಳಗೆ ಒಬ್ಬರು ಮುದುಕರು ಬೆರಳ ಗೆಣ್ಣಿನಿಂದ ಒಂದು ದೊಡ್ಡ ಮರದ ಕಾಂಡವನ್ನು ಟಕಟಕ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದರು. ಬಾಗಿಲು ತೆಗೆಯಲೆಂದು ಕಾಯುತ್ತಿರುವಂತೆ ಕಂಡಿತು. ಸೊಂಟಕ್ಕೆ ಬಡಗಿಗಳ ಅಳತೆಪಟ್ಟಿ, ತಲೆಗೆ ಬೆವರಿನಿಂದ ಬಣ್ಣಗೆಟ್ಟ ಟೋಪಿ. ನಾನು ಮಣ್ಣಿನ ವಿಜ್ಞಾನಿ ಎಂದು ಸ್ವಲ್ಪ ಜೋರಾಗಿಯೇ ಪರಿಚಯ ಮಾಡಿಕೊಂಡೆ.

“ಓ, ಹಾಗಾದ್ರೆ ನಿಮ್ಮ ಉಗುರು ಯಾಕೆ ಇಷ್ಟು ಕ್ಲೀನಾಗಿದೆ?” ಎಂದರು.

ಅಷ್ಟಕ್ಕೇ ನನ್ನ ವಿಜ್ಞಾನ ಮುಗಿಯಿತು. ಮುಂದಿನ ಭಾನುವಾರದಿಂದ ನಾನೂ ಅಲ್ಲಿ ವಾಲಂಟಿಯರ್.

ಕಲ್ವರ್ ಸಿಟಿಯ ಸಿನಿಮಾ ಸ್ಟುಡಿಯೋಗಳಿಗೆ ಮರ ಮಾಡಿಕೊಡುವುದು ಅವರ ಕೆಲಸವಾಗಿತ್ತು. ನಿಜವಾದ ಮರ ಅಲ್ಲ, ಸುಳ್ಳು ಮರ. ಕಬ್ಬಿಣದ ಚೌಕಟ್ಟು, ಅದರ ಮೇಲೆ ಪ್ಲಾಸ್ಟರು, ಅದರ ಮೇಲೆ ಬಣ್ಣ, ಸಾವಿರಗಟ್ಟಲೆ ಬಟ್ಟೆಯ ಎಲೆ. ಓಕ್, ಆಲಿವ್, ಖರ್ಜೂರ, ಏನು ಕೇಳಿದರೂ ಎರಡು ವಾರದಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದರಂತೆ. ಹೆಂಡತಿ ಹೋದ ಮೇಲೆ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಸುಮ್ಮನೆ ಕೂರಲಾರದೆ ಈ ಹೊಲಕ್ಕೆ ಬಂದು ಸೇರಿದ್ದರು. ನಿಜವಾದ ಮರಗಳನ್ನು ತಟ್ಟಿ ನೋಡುವ ಅಭ್ಯಾಸ ಆ ಸುಳ್ಳು ಮರಗಳಿಂದ ಬಂದದ್ದು. ಒಳಗೆ ಟೊಳ್ಳಿಲ್ಲ ಎಂದು ಪ್ರತಿ ಸಲ ಹೊಸದಾಗಿ ಖುಷಿಪಡುತ್ತಿದ್ದರು. ಮೈಗಳ್ಳತನ ಮಾಡುವ ಹುಡುಗರಿಗೆ ಅವರ ದೊಡ್ಡ ಬೈಗುಳ ಎಂದರೆ “ನೀನು ನಾನು ಮಾಡಿದ ಮರ ಕಣೋ, ಕ್ಯಾಮೆರಾ ಇರೋ ಕಡೆಯಿಂದ ಮಾತ್ರ ಚೆಂದ.”

ಮೊಟ್ಟೆಯ ವಿಷಯ ಹೇಳಿಬಿಡುತ್ತೇನೆ. ಪ್ರತಿ ಸೀಸನ್ನಿನ ಮೊದಲ ದಿನ ಹನ್ನೆರಡು ಹುಡುಗರು ಹೊಸ ಬೂಟು, ಹೊಸ ಟೋಪಿ, ಮಡಿಕೆ ಮುರಿಯದ ಹೊಸ ಕೈಗವಸು ಹಾಕಿಕೊಂಡು ಬರುತ್ತಿದ್ದರು. ಅವರನ್ನು ಸಾಲಾಗಿ ನಿಲ್ಲಿಸಿ, ಹೊಗೆಯಾಡುವ ತಿಪ್ಪೆಯೊಳಗೆ ಮೊಣಕೈವರೆಗೂ ಕೈ ತೂರಿಸಿ ಒಂದೊಂದೇ ಪೊಟ್ಟಣ ಈಚೆಗೆ ತೆಗೆಯುತ್ತಿದ್ದರು. ಫಾಯಿಲಿನಲ್ಲಿ ಸುತ್ತಿ ಹಿಂದಿನ ದಿನವೇ ಹೂತಿಟ್ಟ ಮೊಟ್ಟೆಗಳು. ಗೊಬ್ಬರದ ಕಾವಿಗೆ ಬೆಂದಿರುತ್ತಿದ್ದವು. “ನಿಮ್ಮ ಕಾಲಡಿ ಇಷ್ಟೊಂದು ಜನ ದುಡೀತಿದ್ದಾರೆ, ಕಣ್ಣಿಗೆ ಕಾಣಲ್ಲ ಅಷ್ಟೇ” ಎಂದು ಉಪ್ಪು ಉದುರಿಸಿ ಕೈಗೆ ಕೊಡುತ್ತಿದ್ದರು. ಅದರಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ ಇರಬಹುದೆಂದು ನಾನು ಪಟ್ಟಿ ಹೇಳಲು ಹೋದರೆ, “ಮೇಡಂ, ಹುಡುಗರು ಊಟ ಮಾಡ್ತಿದ್ದಾರೆ” ಎಂದು ನನ್ನ ಬಾಯಿ ಮುಚ್ಚಿಸಿದರು. ಐದು ವರ್ಷದಲ್ಲಿ ಯಾರಿಗೂ ಏನೂ ಆಗಲಿಲ್ಲ. ನನ್ನ ಮಗಳು ಎರಡು ತಿಂದಳು.

ಮೊಟ್ಟೆಯಾದ ಮೇಲೆ ಮೊದಲ ಕೆಲಸ. ಗೇಟಿನ ಪಕ್ಕದಲ್ಲಿ ಒಂದು ದಾಳಿಂಬೆ ಗಿಡ. ನಿಧಿ ಸೇರಿದ ವರ್ಷದ ಜನವರಿಯಲ್ಲಿ ಅದನ್ನು ಅವರೇ ನೆಟ್ಟಿದ್ದರು. ಏಪ್ರಿಲ್ ಕೊನೆಯಲ್ಲಿ ಕೆಂಪು ಹೂವು ಬಿಟ್ಟಿತ್ತು. ಹುಡುಗರೆಲ್ಲ ಅದರ ಸುತ್ತ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರೆ ಮೇಷ್ಟ್ರು ಹೇಳಿದರು: “ಈಗ ಅಷ್ಟನ್ನೂ ಕಿತ್ತುಹಾಕಿ.” ಯಹೂದಿಗಳ ಧರ್ಮಗ್ರಂಥದಲ್ಲಿ ಹಾಗೊಂದು ನಿಯಮವಿದೆ. ನೆಟ್ಟ ಮರದ ಫಲವನ್ನು ಮೂರು ವರ್ಷ ಮುಟ್ಟುವಂತಿಲ್ಲ. ನಾಲ್ಕನೆಯ ವರ್ಷದ್ದು ದೇವರದ್ದು. ಅದಕ್ಕೊಂದು ಸಣ್ಣ ವಿಧಿ ಮುಗಿಸಿ ಆಮೇಲೆ ತಿನ್ನಬಹುದು. ಐದನೆಯ ವರ್ಷದಿಂದ ಯಾವ ಅಡ್ಡಿಯೂ ಇಲ್ಲ. ಮೊದಲ ಮೂರು ವರ್ಷ ಹೂವನ್ನೇ ತೆಗೆದುಬಿಟ್ಟರೆ ಬೇರು ಗಟ್ಟಿಯಾಗುತ್ತದೆ ಎಂಬುದು ಅವರ ವಾದ, ನನ್ನ ವಿಜ್ಞಾನವೂ ಒಪ್ಪುವ ವಾದ. ಆದರೂ ಅರಳಿದ ಹೂವನ್ನು ಕಿತ್ತು ಮಣ್ಣಿಗೆ ಹಾಕುವಾಗ ಒಂದಿಬ್ಬರು ಹುಡುಗಿಯರು ಅತ್ತೇಬಿಟ್ಟರು.

ಎರಡನೆಯ ವರ್ಷದ ಹೊತ್ತಿಗೆ ಅಮ್ಮ ಮೈಸೂರಿನಿಂದ ಬಂದು ಮೀರಾ ಮೆಸಾದ ನಮ್ಮ ಮನೆಯಲ್ಲೇ ಇದ್ದಳು. ಭಾನುವಾರ ಒಬ್ಬಳೇ ಕೂರಲು ಬೇಜಾರೆಂದು ನನ್ನ ಜೊತೆ ಹೊಲಕ್ಕೆ ಬರತೊಡಗಿದಳು. ಅಲ್ಲಿನ ಅಡುಗೆಮನೆಗೆ ಹೊರಗಿನ ಅಡುಗೆ ತರುವಂತಿಲ್ಲ, ಪಾತ್ರೆ ಬೆರೆಸುವಂತಿಲ್ಲ ಎಂದು ನಾನು ಹೆದರಿಸುತ್ತಾ ಕರೆದುಕೊಂಡು ಹೋದರೆ, ಅವಳಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ. “ನಮ್ಮತ್ತೆ ಇದ್ದ ಹಾಗೆ ಇದ್ದಾರೆ, ಇದರಲ್ಲೇನು?” ಎಂದು ಚಿತ್ರಾನ್ನದ ಡಬ್ಬಿಯನ್ನು ಹೊರಗೆ ಟ್ರಕ್ಕಿನ ಹಿಂಭಾಗದಲ್ಲೇ ಬಿಚ್ಚಿದಳು. ಮೇಷ್ಟ್ರು ಅಲ್ಲೇ ನಿಂತು ಒಗ್ಗರಣೆಯ ಕಡಲೆಬೇಳೆಯನ್ನು ಒಂದೊಂದಾಗಿ ಆರಿಸಿ ತಿಂದರು. ಇವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೆ, ಅವರಿಗೆ ಕನ್ನಡ ಸೊನ್ನೆ. ಮಾತಿಗೇನೂ ಕೊರತೆಯಿರಲಿಲ್ಲ.

ಆ ವರ್ಷ ಹುಡುಗರು ಹೂವು ಕೀಳುವುದನ್ನು ನೋಡಿ ಅಮ್ಮನ ಹೊಟ್ಟೆ ಉರಿಯಿತು. “ಇಷ್ಟು ಚೆನ್ನಾಗಿರೋ ಹೂವ ಮಣ್ಣಿಗೆ ಹಾಕ್ತಾರಲ್ಲೇ! ಎರಡು ದೇವ್ರಿಗೆ ಕೊಡಿ ಅನ್ನು” ಎಂದಳು. ನಾನು ಕೇಳಿದೆ. ಮೇಷ್ಟ್ರು ಅವಳ ಕಡೆ ತಿರುಗಿ ಮೂರು ಬೆರಳೆತ್ತಿ ಅಡ್ಡಡ್ಡ ಆಡಿಸಿದರು, ನಾಲ್ಕನೆಯದನ್ನು ಎತ್ತಿ ಆಕಾಶ ತೋರಿಸಿದರು. “ಮೂರು ವರ್ಷ ಯಾರಿಗೂ ಇಲ್ಲ. ನಾಲ್ಕನೇದು ದೇವರಿಗೆ. ಹೇಳಿ ಇವರಿಗೆ.” ಹೇಳಿದೆ. ಅಮ್ಮ ತಲೆಯಾಡಿಸಿದಳು. ಅಮ್ಮ ತಲೆಯಾಡಿಸಿದಳೆಂದರೆ ಕಲ್ಲಿನಲ್ಲಿ ಕೆತ್ತಿದಂತೆ ಎಂಬುದು ನನಗಾದರೂ ಗೊತ್ತಿರಬೇಕಿತ್ತು.

ಒಂದು ಸಲ ಅವರು ಹುಡುಗರನ್ನೆಲ್ಲ ಕಲ್ವರ್ ಸಿಟಿಗೆ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಹಳೆಯ ಪರಿಚಯದವರು ಯಾವುದೋ ಗೋಡೌನಿನ ಬಾಗಿಲು ತೆರೆದರು. ಒಳಗೆ ಅವರು ಮಾಡಿದ ಆಲಿವ್ ಮರ ಒಂದು ಉಳಿದಿತ್ತು. ಧೂಳು ಹೊಡೆದಿದ್ದರೂ ನೂರು ವರ್ಷದ ಮರದಂತೆಯೇ ಇತ್ತು. ಹುಡುಗರು ಹೋ ಎಂದರು. ಮೇಷ್ಟ್ರು ಮಾತ್ರ ಕೈ ಕಟ್ಟಿಕೊಂಡು ದೂರ ನಿಂತಿದ್ದರು. ವಾಪಸು ಬರುವಾಗ ಕಾರಿನಲ್ಲಿ ನನಗೆ ಹೇಳಿದರು: “ಮೂವತ್ತು ವರ್ಷದಲ್ಲಿ ಒಂದು ಕಾಡೇ ಮಾಡಿದ್ದೀನಿ. ಒಂದು ಹಕ್ಕಿ ಬಂದು ಕೂತಿಲ್ಲ. ನಾನೇ ನೆಟ್ಟ ಮರದ ಒಂದು ಹಣ್ಣು ತಿಂದು ಹೋಗಬೇಕು. ನಾಲ್ಕನೇ ವರ್ಷದ ಹಣ್ಣು ತಿಂದ ದಿನ ಅಳತೆಪಟ್ಟಿ ಬಿಚ್ಚಿಟ್ಟು ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿರೋ ಮಗನ ಮನೆಗೆ ಹೋಗಿಬಿಡ್ತೀನಿ.” ಅಷ್ಟು ಹೊತ್ತಿಗೆ ಅವರ ಎದೆಯಲ್ಲಿ ಎರಡು ಸ್ಟೆಂಟ್ ಕೂತಿದ್ದವು. ಡಾಕ್ಟರು ಬಿಸಿಲಲ್ಲಿ ಕೆಲಸ ಸಾಕು ಎಂದಿದ್ದರು. ನಾಲ್ಕನೆಯ ವರ್ಷವನ್ನು ಹೊಲದಲ್ಲಿ ಎಲ್ಲರೂ ಬೆರಳಲ್ಲಿ ಎಣಿಸುತ್ತಿದ್ದೆವು.

ನಾಲ್ಕನೆಯ ವರ್ಷ ಬಂತು. ಗಿಡ ನನ್ನ ತಲೆಗಿಂತ ಸ್ವಲ್ಪವೇ ಎತ್ತರ, ಮೈತುಂಬ ಹೂವು. ಸೀಸನ್ನಿನ ಮೊದಲ ದಿನ ನಾನೂ ಅಮ್ಮನೂ ಬೇಗ ಹೋದೆವು. ನಾನು ಗೇಟಿನಲ್ಲಿ ಅವಳನ್ನು ಇಳಿಸಿ, ಕಾರು ನಿಲ್ಲಿಸಿ, ಕುರ್ಚಿಗಳನ್ನು ತರಲು ಹಿಂದಿನ ಶೆಡ್ಡಿಗೆ ಹೋದೆ. ಮೇಷ್ಟ್ರು ತಿಪ್ಪೆಯ ಹತ್ತಿರ ಮೊಟ್ಟೆಗಳ ಉಸ್ತುವಾರಿಯಲ್ಲಿದ್ದರು. ಅಷ್ಟರಲ್ಲಿ ಹೊಸ ಹುಡುಗರು ಬಂದರು. ಹಳೆಯ ವರ್ಷಗಳ ವಿಡಿಯೋ ನೋಡಿಕೊಂಡು ಬಂದವರು. ಮೊದಲ ದಿನದ ಕೆಲಸ ದಾಳಿಂಬೆ ಹೂವು ಕೀಳುವುದೆಂದು ಅವರಿಗೆ ಗೊತ್ತು. ಗಿಡದ ಕೆಳಗೆ ನೋಡಿದರೆ ರೇಷ್ಮೆ ಸೀರೆಯುಟ್ಟ, ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದ ಒಬ್ಬ ವೃದ್ಧೆ ಒಂದೊಂದೇ ಹೂವು ಬಿಡಿಸುತ್ತಿದ್ದಾಳೆ. ಇವರೇ ಕಲಿಸುವವರು ಅಂದುಕೊಂಡರು. ಅಮ್ಮನೂ ಅವರನ್ನು ನಿರಾಶೆಗೊಳಿಸಲಿಲ್ಲ. “ಕಮ್, ಕಮ್. ಆಲ್ ಫ್ಲವರ್. ಗಾಡ್” ಎಂದು ಎತ್ತರದ ಕೊಂಬೆಗಳನ್ನು ತೋರಿಸಿದಳು. ಹನ್ನೆರಡು ಜನರ ಇಪ್ಪತ್ತನಾಲ್ಕು ಕೈ. ಮೊಗ್ಗನ್ನೂ ಬಿಡಲಿಲ್ಲ.

ನಾನು ಕುರ್ಚಿ ಹೊತ್ತು ಬರುವಷ್ಟರಲ್ಲಿ ಗಿಡ ಬರೀ ಹಸಿರಾಗಿತ್ತು. ಅದರ ಎದುರು ಮೇಷ್ಟ್ರು ನಿಂತಿದ್ದರು. ಒಂದು ಕೈಯಲ್ಲಿ ಫಾಯಿಲಿನ ಮೊಟ್ಟೆ. ಪಕ್ಕದಲ್ಲಿದ್ದ ಬಕೆಟನ್ನು ಬೋರಲು ಹಾಕಿಕೊಂಡು ಕುಳಿತುಬಿಟ್ಟರು. ಏನೋ ಎಡವಟ್ಟಾಗಿದೆಯೆಂದು ಹುಡುಗರಿಗೂ ತಿಳಿಯಿತು, ಏನೆಂದು ತಿಳಿಯಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಏನಮ್ಮಾ ಮಾಡಿದೆ ನೀನು!” ಎಂದೆ, ಅಮೆರಿಕಕ್ಕೆಲ್ಲ ಕೇಳುವಂತೆ.

ಅಮ್ಮ ಅಲುಗಲಿಲ್ಲ. ಕವರನ್ನು ಅವರ ಮುಂದೆ ಹಿಡಿದು, “ನಾಲ್ಕನೇ ವರ್ಷದ್ದು ದೇವ್ರಿಗೆ ಅಂತ ನೀವೇ ಅಲ್ವಾ ಹೇಳಿದ್ದು? ನಾನು ಲೆಕ್ಕ ಇಟ್ಟಿದ್ದೆ” ಎಂದಳು. ಆ ಗಿಡದಲ್ಲಿ ಒಂದು ಕಾಯಿಯನ್ನೂ ಕಾಣದ ಅವಳು, ಇವರು ಇದನ್ನು ಹೂವಿಗೆಂದೇ ಸಾಕಿದ್ದಾರೆ ಅಂದುಕೊಂಡಿದ್ದಳು. ಹಣ್ಣಿನ ಆಸೆಯ ವಿಷಯ ಅವಳಿಗೆ ನಾನು ಹೇಳಿಯೇ ಇರಲಿಲ್ಲ. ತಪ್ಪು ಯಾರದ್ದು ಹೇಳಿ.

ನಾನು ಅವಳ ಮಾತನ್ನು ಇಂಗ್ಲಿಷಿಗೆ ತಂದೆ. ಮೇಷ್ಟ್ರು ಕವರಿನೊಳಗೆ ಬಗ್ಗಿ ನೋಡಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದರೆ, ನಗು. ಟೋಪಿ ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡು ನಕ್ಕರು. “ಹೌದು, ನಾನೇ ಹೇಳಿದ್ದೆ. ಪುಸ್ತಕದಲ್ಲೂ ಹಾಗೇ ಬರೆದಿದೆ. ನಾನು ಹಣ್ಣಿನ ಮೇಲೆ ಕಣ್ಣಿಟ್ಟು ‘ದೇವರಿಗೆ’ ಅನ್ನೋದನ್ನ ದಾಟಿ ಮುಂದೆ ಓದಿದೆ, ಇವರು ಅಲ್ಲೇ ನಿಲ್ಲಿಸಿದರು.” ಆಮೇಲೆ ಫಾರ್ಮಿನ ಮ್ಯಾನೇಜರನ್ನು, ತಮ್ಮ ಅರ್ಧ ವಯಸ್ಸೂ ಆಗದ ಹೆಂಗಸನ್ನು, ಕೂಗಿ ಕರೆದು, “ನನ್ನ ರಿಟೈರ್‌ಮೆಂಟ್ ಕ್ಯಾನ್ಸಲ್. ಇನ್ನೊಂದು ವರ್ಷ ನೀನು ನನ್ನನ್ನ ಸಹಿಸ್ಕೋಬೇಕು” ಎಂದರು. ಆ ಮಾತಿಗೆ ಕಾರಣ ಗೊತ್ತಿಲ್ಲದ ಹುಡುಗರೂ ಚಪ್ಪಾಳೆ ತಟ್ಟಿದರು. ಆಮೇಲೆ ಬಂದ ಒಂದೆರಡು ಹೂವುಗಳು ಕಾಯಿಕಟ್ಟದೆ ಉದುರಿಹೋದವು.

ಮನೆಗೆ ಬರುವಾಗ ಕಾರಿನಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ: ಸುಳ್ಳು ಮರ, ಸ್ಟೆಂಟು, ಒಂದು ಹಣ್ಣು. ಅವಳು ಮನೆಯಲ್ಲಿ ದೀಪ ಹಚ್ಚಿ, ಹೂವನ್ನೆಲ್ಲ ದೇವರಿಗೆ ಏರಿಸಿ, ಕೈಮುಗಿದು ನಿಂತು ಹೇಳಿದಳು: “ಅವರು ಆ ಗಿಡದ ಹಣ್ಣು ತಿನ್ನೋವರೆಗೂ ನಾನು ದಾಳಿಂಬೆ ಮುಟ್ಟಲ್ಲ.” ಕಾಶಿಗೆ ಹೋದಾಗಲೂ ಜಾಣತನದಿಂದ ತನಗೆ ಸೇರದ ಹಾಗಲಕಾಯಿಯನ್ನು ಬಿಟ್ಟು ಬಂದವಳು ನಮ್ಮಮ್ಮ. ಮೊಸರನ್ನದ ಮೇಲೆ ಒಂದು ಹಿಡಿ ದಾಳಿಂಬೆ ಇಲ್ಲದೆ ಅವಳಿಗೆ ಊಟ ಮುಗಿಯುತ್ತಿರಲಿಲ್ಲ. ಅವರಿಗೆ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು.

ಐದನೆಯ ವರ್ಷದ ಹುಡುಗರು ಬಂದ ದಿನ ಮೇಷ್ಟ್ರು ಮೊಟ್ಟೆ ಹಂಚಿ, ಗಿಡದ ಹತ್ತಿರ ಒಂದು ಕುರ್ಚಿ ಹಾಕಿ ಅಮ್ಮನನ್ನು ಕೂರಿಸಿದರು. “ಈ ಗಿಡ ಯಾರೂ ಮುಟ್ಟಬಾರದು. ಇವರು ಕಾವಲು. ಹಳೇ ಕಳ್ಳಿ, ಆದ್ದರಿಂದ ಕಾವಲಿಗೆ ಇವರೇ ಸರಿ” ಎಂದು ಹುಡುಗರಿಗೆ ಪರಿಚಯಿಸಿದರು. ಕಳ್ಳಿ ಎಂದದ್ದನ್ನು ನಾನು ಅನುವಾದ ಮಾಡಲಿಲ್ಲ, ಆದರೂ ಅಮ್ಮನಿಗೆ ಗೊತ್ತಾಯಿತು, ಕೈಯಲ್ಲಿದ್ದ ಕೋಲು ತೋರಿಸಿದಳು. ಪ್ರತಿ ಭಾನುವಾರ ಅಲ್ಲಿ ಕುಳಿತು, ಅಳಿಲುಗಳಿಗೆ ಮೈಸೂರು ಕನ್ನಡದಲ್ಲಿ ಬೈದಳು. ಐದು ಕಾಯಿ ನಿಂತವು.

ಆಗಸ್ಟಿನಲ್ಲಿ ಮೇಷ್ಟ್ರಿಗೆ ಉಸಿರಾಟ ಕಷ್ಟವಾಯಿತು. ಮಗ ಬಂದು ವುಡ್‌ಲ್ಯಾಂಡ್ ಹಿಲ್ಸ್‌ಗೆ ಕರೆದುಕೊಂಡು ಹೋದರು. ಇನ್ನು ಹೊಲಕ್ಕೆ ಬರುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಹಣ್ಣಾಗಲು ಇನ್ನೂ ಒಂದು ತಿಂಗಳು. ಅಮ್ಮನ ಮುಖ ನೋಡಲಾಗುತ್ತಿರಲಿಲ್ಲ. ಪ್ರತಿ ಭಾನುವಾರ ವಿಡಿಯೋದಲ್ಲಿ ಅವರ ಪ್ರಶ್ನೆ ಒಂದೇ: “ಕೆಂಪಾಯ್ತಾ? ಫೋನ್ ಹತ್ತಿರ ಇಟ್ಟು ತಟ್ಟಿಸಿ.” ಅಮ್ಮ ಗೆಣ್ಣಿನಿಂದ ತಟ್ಟುತ್ತಿದ್ದಳು. ಅವರು ಕಣ್ಣು ಮುಚ್ಚಿ ಕೇಳಿ, “ಇನ್ನೂ ಇಲ್ಲ” ಎನ್ನುತ್ತಿದ್ದರು. ಪ್ರತಿ ವಾರ ಅವರ ದನಿ ಸ್ವಲ್ಪ ಸಣ್ಣದಾಗುತ್ತಿತ್ತು. ನನಗೆ ಹಣ್ಣಿನ ಸದ್ದಿಗಿಂತ ಅದೇ ಜೋರಾಗಿ ಕೇಳಿಸುತ್ತಿತ್ತು.

ಸೆಪ್ಟೆಂಬರಿನಲ್ಲಿ, ಅವರ ಹೊಸ ವರ್ಷಕ್ಕೆ ಒಂದು ದಿನ ಮುಂಚೆ, ತಟ್ಟಿದಾಗ ಕಂಚಿನ ಪಾತ್ರೆಯ ಸದ್ದು ಬಂತು. “ಆಯ್ತು. ಅವರ ಕೈಯಲ್ಲೇ ಕೀಳಿಸಿ” ಎಂದರು. ಅಮ್ಮ ಕಿತ್ತಳು. ಐದನ್ನೂ ಸ್ಟೀಲ್ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಹೊತ್ತು ನನ್ನ ಕಾರಿನಲ್ಲಿ ಕುಳಿತಳು. ಹಿಂದೆ ಫಾರ್ಮಿನ ವ್ಯಾನಿನಲ್ಲಿ ಹನ್ನೆರಡೂ ಹುಡುಗರು. 405 ಹೆದ್ದಾರಿಯಲ್ಲಿ ಟ್ರಾಫಿಕ್ ಎಂದಿನಂತೆ ನಿಂತೇ ಇತ್ತು. “ಇಳಿದು ನಡೆಯೋಣ್ವಾ?” ಎಂದು ಅಮ್ಮ ಮೂರು ಸಲ ಕೇಳಿದಳು. ನಾಲ್ಕು ಗಂಟೆ ಬೇಕಾಯಿತು.

ಮೇಷ್ಟ್ರು ಹಿತ್ತಲಿನಲ್ಲಿ ಕುರ್ಚಿ ಹಾಕಿಸಿಕೊಂಡು, ಗಡ್ಡ ಟ್ರಿಮ್ ಮಾಡಿಸಿಕೊಂಡು, ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದರು. ಅರ್ಧ ಇಳಿದುಹೋಗಿದ್ದರು. ಮಗ ಚಾಕು ತಂದರೆ ಬೇಡವೆಂದು, ಹೆಬ್ಬೆರಳು ಒತ್ತಿ ಹಣ್ಣನ್ನು ತಾವೇ ಬಿಚ್ಚಿದರು. ಒಳಗಿನ ಕೆಂಪು ಕಂಡು ಹುಡುಗರು ಕೂಗಿದರು. ಒಂದು ಹೋಳನ್ನು ಅಮ್ಮನ ಕಡೆ ನೀಡಿ, “ಮೊದಲು ಕಾವಲುಗಾರರಿಗೆ” ಎಂದರು.

ಅಮ್ಮ ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡಳು. “ನೀವು ತಿನ್ನದೆ ನಾನು ತಿನ್ನೋ ಹಾಗಿಲ್ಲ.”

ಅವರು ನನ್ನ ಮುಖ ನೋಡಿದರು. ಆಣೆ ಮುರಿಯುವ ಹೊತ್ತು ಅದಲ್ಲದೆ ಇನ್ನಾವುದು? ಎಲ್ಲವನ್ನೂ ಹೇಳಿದೆ. ಒಂದೂವರೆ ವರ್ಷದ ಮೊಸರನ್ನವನ್ನೂ ಹೇಳಿದೆ.

“ನಾನು ಕಾದಿದ್ದು ಒಂದು ಮರದ ಹಣ್ಣಿಗೆ. ಇವರು ಪ್ರಪಂಚದ ಎಲ್ಲಾ ಮರದ್ದೂ ಬಿಟ್ಟರಾ?” ಎಂದರು. ಆಮೇಲೆ ಟೋಪಿ ಸರಿಮಾಡಿಕೊಂಡು, ಹೀಬ್ರೂ ಭಾಷೆಯ ಒಂದು ಪ್ರಾರ್ಥನೆ ಹೇಳಿದರು. ಇಲ್ಲಿಯವರೆಗೆ ಬದುಕಿಸಿ ತಂದದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳುವ ಪ್ರಾರ್ಥನೆಯಂತೆ. ಹುಡುಗರೆಲ್ಲ ‘ಆಮೆನ್’ ಎಂದರು, ಅಮ್ಮನೂ ಎಂದಳು. ಮೇಷ್ಟ್ರು ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ರಸ ಗಡ್ಡಕ್ಕಿಳಿಯಿತು.

“ಹುಳಿ!” ಎಂದರು, ಮುಖವೆಲ್ಲ ಕಿವುಚಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು. “ನಿಜವಾದ ಹುಳಿ!”

ಅಮ್ಮನಿಗೆ ಆ ಮಾತನ್ನು ಹೇಳಿದ್ದೇ ತಡ, ತನ್ನ ಹೋಳಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡಳು. ಅಗಿದಳು. “ಹುಳಿಯಂತೆ ಹುಳಿ! ಸಕ್ಕರೆ ಇದ್ದ ಹಾಗಿದೆ. ಇನ್ನೊಂಚೂರು ತಿಂದು ನೋಡಕ್ಕೆ ಹೇಳು ಅವರಿಗೆ.” ಹೇಳಿದೆ. ಅವರು ಇನ್ನೊಂದು ಹಿಡಿ ತಿಂದು, ಹುಳಿಯೇ ಎಂದು ತಲೆಯಾಡಿಸಿದರು. ಇವಳು ಇನ್ನೊಂದು ಹಿಡಿ ತಿಂದು, ಸಿಹಿಯೇ ಎಂದಳು. ಇಬ್ಬರೂ ಬಿಟ್ಟುಕೊಡಲಿಲ್ಲ. ಹನ್ನೆರಡು ಹುಡುಗರು, ಮಗ, ನಾನು ಸುತ್ತ ನಿಂತು ನೋಡುತ್ತಲೇ ಇದ್ದೆವು, ಆ ಹಣ್ಣಿನಲ್ಲಿ ನಮಗ್ಯಾರಿಗೂ ಒಂದು ಕಾಳನ್ನೂ ಉಳಿಸಲಿಲ್ಲ.